ಅರ್ಧ ಸೆಂಟು

ಅರ್ಧ ಸೆಂಟಿಗೆ ನಾಣ್ಯವಿಲ್ಲ.
ಇಪ್ಪತ್ತೆರಡು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ನಿಂತ
ನನ್ನ ಬೆರಳಿಗೆ ಒಮ್ಮೆಯೂ ಅದು ತಗುಲಿಲ್ಲ.
ಆದರೂ ಡಾಲರಿಗೊಂದರಂತೆ
ನನ್ನ ಕೈದಾಟಿಯೇ ಹೋಗಿದೆ:
ಬಟ್ಟೆಸೋಪಿನಿಂದ, ಬಲ್ಬಿನಿಂದ,
ಮಿಸೆಸ್ ಪ್ರೊಹಾಸ್ಕಾ ತನ್ನ ಕುಂಟು ನಾಯಿಗೆ ಒಯ್ಯುವ
ಡಬ್ಬಿ ಮಾಂಸದಿಂದ.
ಬ್ರೆಡ್ಡಿಗೆ ತೆರಿಗೆಯಿಲ್ಲ. ಅಷ್ಟು ದಯೆ ಇದೆ ಕಾನೂನಿಗೆ.

ಹನಿಗೂಡಿದರೆ ಹಳ್ಳ, ಸರಿ.
ಹಳ್ಳ ಯಾರ ಹಿತ್ತಿಲಿಗೆ ಹರಿಯಿತೆಂದು
ಗಾದೆ ಕಟ್ಟಿದವರು ಹೇಳಲಿಲ್ಲ.

ಒಹಾಯೊ ನದಿ ಹೊರಳುವಲ್ಲಿ
ಉಕ್ಕಿನ ಕಾರ್ಖಾನೆ ಇದ್ದ ನೆಲದ ಮೇಲೆ
ಕೂತಿದೆ ಈಗ, ಬಾಯ್ತೆರೆದ ಬೋಗುಣಿ.
ಅರವತ್ತೆಂಟು ಸಾವಿರ ಕುರ್ಚಿ.
ವರ್ಷಕ್ಕೆ ಹತ್ತು ಭಾನುವಾರ ತುಂಬುತ್ತವೆ.
ಉಳಿದ ದಿನ ಹುಲ್ಲು ಬೆಳೆಯುವ ಆಟವನ್ನು
ಸೀಗಲ್ ಹಕ್ಕಿಗಳು ನೋಡುತ್ತವೆ, ಪುಕ್ಕಟೆ.

ನಾನೂ ಹೌದು ಅಂತಲೇ ಗುರುತು ಹಾಕಿದ್ದೆ.
ಸುಳ್ಳು ಯಾಕೆ ಹೇಳಲಿ.
ಅಪ್ಪ ಕುಲುಮೆಯ ಕೆಲಸ ಕಳಕೊಂಡ ಹನ್ನೊಂದನೇ ವರ್ಷ.
ಟೀವಿಯವರ ಬಾಯಲ್ಲಿ ನಮ್ಮೂರ ಹೆಸರು
ಬರುತ್ತಿದ್ದುದು ಎರಡೇ ಹೊತ್ತಿನಲ್ಲಿ:
ಏನಾದರೂ ಮುಚ್ಚಿದಾಗ, ಇಲ್ಲಾ ತಂಡ ಆಡುವಾಗ.
ಕಟ್ಟಿಸಿಕೊಡದಿದ್ದರೆ ತಂಡ ಎತ್ತಿಕೊಂಡು ಹೊರಟೆ
ಅಂತ ಮಾಲೀಕ ಪತ್ರಿಕೆಯಲ್ಲಿ ಹೇಳಿದ ದಿನ
ಅಪ್ಪ ಅಡುಗೆಮನೆಯಲ್ಲಿ ಷೂ ಬಿಚ್ಚುತ್ತಾ
'ಹೆಸರೊಂದಾದರೂ ಉಳೀಲಿ ಕಣೇ ಲೆನೋರಾ' ಅಂದ.

ಹೆಸರಿಗೆ ಅರ್ಧ ಸೆಂಟು.
ಅಗ್ಗವೇ ಅನ್ನಿಸಿತು.

ಆಮೇಲೆ ಲೆಕ್ಕ ಬಂತು, ಕಂತುಕಂತಾಗಿ.
ಮನೆತೆರಿಗೆ ಇಳಿಸುತ್ತೇವೆ ಅಂದಿದ್ದರು;
ಇಳಿಯಿತು, ಎರಡು ವರ್ಷ.
ಮೊದಲು ನಿಂತದ್ದು ಹದಿನೇಳನೇ ನಂಬರಿನ ಬಸ್ಸು.
ಕೌಂಟಿ ಆಸ್ಪತ್ರೆಯನ್ನು ಮಾರಿದರು,
ಹೆರಿಗೆನೋವಿಗೆ ಈಗ ನಲವತ್ತು ಮೈಲಿ.
ಲೈಬ್ರರಿ ಸೋಮವಾರ ಮಲಗಿತು,
ಮರುವರ್ಷ ಮಂಗಳವಾರವೂ ಏಳಲಿಲ್ಲ.
ಯಾರನ್ನು ಕೇಳಿದರೂ
ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದರು.
ಕರಾರಿನ ಎಂಬತ್ತನೇ ಪುಟದಲ್ಲಿತ್ತಂತೆ,
ಸ್ಕೋರ್‌ಬೋರ್ಡು ಹಳತಾದರೆ ಹೊಸತು ಕೊಡಿಸುವವರು ನಾವು.
ಅದರ ಬಲ್ಬೂ ನಾವೇ.

ಒಮ್ಮೆ ಹೋಗಿದ್ದೆ.
ಅಂಗಡಿಯವರು ಚೀಟಿ ಎತ್ತಿದಾಗ ಸಿಕ್ಕ ಟಿಕೆಟ್ಟು,
ಕಟ್ಟಕಡೆಯ ಸಾಲು, ಆಟಗಾರರು ಸಾಸಿವೆ ಕಾಳಷ್ಟು.
ಹಿಮ. ಕೊನೇ ನಿಮಿಷ. ನಮ್ಮ ಹುಡುಗನೊಬ್ಬ
ಅವರ ಚೆಂಡನ್ನು ಗಾಳಿಯಲ್ಲೇ ಕಸಿದು ಓಡಿದ,
ಓಡಿದ, ಓಡುತ್ತಲೇ ಇದ್ದ,
ನಾನು ಎದ್ದು ನಿಂತು ಕೂಗಿದೆ,
ಅಂಥ ದನಿ ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ.
ಪಕ್ಕದಲ್ಲಿದ್ದ ಯಾರೋ ಮುದುಕ ತಬ್ಬಿಕೊಂಡ.
ಅವನ ಕೋಟಿನಲ್ಲಿ ಎಣ್ಣೆ, ಕಬ್ಬಿಣ, ಅಪ್ಪನ ವಾಸನೆ.

ಆ ಕೂಗನ್ನು ಯಾವ ಖಾತೆಗೆ ಬರೆಯಲಿ?
ಅರ್ಥಶಾಸ್ತ್ರದ ಪ್ರೊಫೆಸರು ಊರಿಗೆ ಬಂದು
ಗೋಡೆಯ ಮೇಲೆ ನಕ್ಷೆ ತೋರಿಸಿದರು.
ನಷ್ಟದ ಗೆರೆ ಸರಿಯಾಗಿಯೇ ಇತ್ತು.
ಕೂಗು ಅದರಲ್ಲಿರಲಿಲ್ಲ.
ತಂಡದವರೂ ಒಂದು ನಕ್ಷೆ ತಂದರು.
ಆ ನಲವತ್ತು ಮೈಲಿ ಅದರಲ್ಲಿರಲಿಲ್ಲ.

ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಬಟ್ಟಲಿದೆ.
ಮಿಕ್ಕ ಚಿಲ್ಲರೆ ಹಾಕಿ ಹೋಗುತ್ತಾರೆ,
ಕಡಿಮೆ ಬಿದ್ದವರು ತಗೊಳ್ಳುತ್ತಾರೆ.
ನಿನ್ನೆ ಸಂಜೆ ಒಬ್ಬ ಹುಡುಗ, ಮೂರು ಸೆಂಟು ಕಡಿಮೆ,
ನನ್ನ ಮುಖ ನೋಡಿದ, ಕೇಳಿದ,
ಎಣಿಸಿ ಮೂರೇ ತಗೊಂಡ.

ಮಾಲೀಕನಿಗೂ ಮತ್ತೆ ಕಡಿಮೆ ಬಿದ್ದಿದೆಯಂತೆ.
ಚಳಿಗೆ ಛಾವಣಿ ಬೇಕಂತೆ. ನವೆಂಬರಿನಲ್ಲಿ ಮತ.
ತಪ್ಪೇನಿಲ್ಲ, ಯಾರಿಗಾದರೂ ಕಡಿಮೆ ಬೀಳುತ್ತದೆ.
ಬರಲಿ.
ನಾಯಿಯ ಡಬ್ಬಿ ಹಿಡಿದ ಪ್ರೊಹಾಸ್ಕಾಳ ಹಿಂದೆ
ಸಾಲಿನಲ್ಲಿ ನಿಲ್ಲಲಿ.
ಮುಖ ನೋಡಿ ಕೇಳಲಿ.
ಬಟ್ಟಲು ಇಲ್ಲೇ ಇದೆ,
ಎಣಿಸೋಣ.