ಬಾವುಟ ಏರಿಸುವವಳು

ಆರೂವರೆಗೆ ಶಾಲೆಯ ಬೀಗ ತೆಗೆಯುವುದು ನಾನು.
ಆಸ್ಪತ್ರೆ ಗೋಡೆಯ ಪುಟ್ಟ ಡಬ್ಬಿ ಒಂದು ಅಂಕಿ ಹೇಳುತ್ತದೆ,
ಆ ಅಂಕಿಗೆ ತಕ್ಕ ಬಟ್ಟೆಯನ್ನು ಕಂಬಕ್ಕೆ ಕಟ್ಟುತ್ತೇನೆ.
ಐದು ಬಾವುಟ, ಎಲ್ಲವೂ ಒಂದು ಹಳೆ ಬಿಸ್ಕತ್ತಿನ ಡಬ್ಬದಲ್ಲಿ.
ನೀಲಿ ಮಳೆಗಾಲವೆಲ್ಲ ನೆನೆದು ನೆನೆದು ಬೂದಿಯಾಗಿದೆ.
ಕೆಂಪು ಮಾಸಿ ಗುಲಾಬಿಗೆ ತಿರುಗಿದೆ,
ಬಿಸಿಲೇ ಬೀಳದ ತಿಂಗಳಲ್ಲಿ
ಅದು ಹೇಗೆ ಮಾಸಿತೋ.

ಈ ಕಣಿವೆಗೆ ಮೂರು ಕಾಲ ಎಂದು ಪಾಠದಲ್ಲಿದೆ:
ಚಳಿ, ಸೆಕೆ, ಮಳೆ.
ಮಕ್ಕಳು ಬೆರಳು ಮಡಿಸಿ ನಾಲ್ಕು ಎಣಿಸುತ್ತಾರೆ.
ನಾಲ್ಕನೆಯದಕ್ಕೆ ಹೆಸರಿಡಲು ಮೇಷ್ಟರಿಗೆ ಧೈರ್ಯವಿಲ್ಲ,
ಇಟ್ಟರೆ ಪರೀಕ್ಷೆಯಲ್ಲೂ ಕೇಳಬೇಕಾಗುತ್ತದೆ.

ಫೆಬ್ರವರಿ ಮುಗಿಯುವಷ್ಟರಲ್ಲಿ
ಮೊದಲು ಪಡುವಣ ಗುಡ್ಡ ಹೋಗುತ್ತದೆ,
ಆಮೇಲೆ ಸ್ತೂಪದ ಬಂಗಾರದ ತುದಿ,
ಅಕ್ಕಿ ಗಿರಣಿ, ಸೇತುವೆ,
ಕೊನೆಗೆ ಎದುರು ಮನೆಯ ನಾನ್ ಇಂತಾ ಅಜ್ಜ.
ಅವರ ಕೆಮ್ಮು ಮಾತ್ರ ಜಗುಲಿಯಲ್ಲಿ ಕೂತಿರುತ್ತದೆ.
ನಡುಮಧ್ಯಾಹ್ನದ ಸೂರ್ಯನನ್ನು ಮಗು
ರೆಪ್ಪೆ ಬಡಿಯದೆ ನೋಡಬಹುದು,
ಯಾರೂ ಗದರುವುದಿಲ್ಲ.

ಪಟ್ಟಣದವರು ಗುಡ್ಡದವರತ್ತ ಕೈ ತೋರುತ್ತಾರೆ,
ಗುಡ್ಡದವರು ಗಡಿಯಾಚೆಗೆ.
ಗಡಿಯಾಚೆಯವರು ಯಾರತ್ತ ತೋರುತ್ತಾರೋ,
ಈ ಹೊಗೆಯಲ್ಲಿ ಬೆರಳು ಕಾಣುವುದಿಲ್ಲ.
ಕೋಳಿ ಮೇವಿನ ಕಂಪನಿಯಂತೂ ಕಡ್ಡಿ ಗೀರಿದ್ದೇ ಇಲ್ಲ.
ಬೀಜ ಕೊಡುತ್ತದೆ, ತೂಗಿಕೊಂಡು ಹೋಗುತ್ತದೆ.
ಮುಸುಕಿನ ಜೋಳ ತಾನೇ?
ಜೋಳ ಲಾರಿಗೆ,
ಮುಸುಕು ಊರಿಗೆ.

ಎರಡನೇ ತರಗತಿಯ ಮೋಕ್,
ಮೋಕ್ ಎಂದರೆ ಮಂಜು,
ಜನವರಿಯ ಒಂದು ಬೆಳಗಿನಲ್ಲಿ ಹುಟ್ಟಿದವನು.
ಮೂಗಿಗೆ ಕರವಸ್ತ್ರ ಒತ್ತಿಕೊಂಡು, ತಲೆ ಮೇಲೆತ್ತಿ
ಕಂಬದ ಕಟ್ಟೆಯ ಮೇಲೆ ಕೂತು ಕೇಳಿದ:
'ಅತ್ತೆ, ಮೇಲಿರೋದು ನಾನಾ?'
ಅಲ್ಲ ಕಣೋ ಎಂದೆ.
'ಮತ್ತೆ ಯಾರು?'
ತಲೆ ಬಗ್ಗಿಸು, ರಕ್ತ ಗಂಟಲಿಗೆ ಇಳಿಯುತ್ತೆ ಎಂದೆ.

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುವ ಮಾತನ್ನು
ನಾನು ಎರಡೂ ತುದಿಯಿಂದ ಬಲ್ಲೆ.
ನನ್ನ ಹೊಲ ಆಡು ಹತ್ತುವಷ್ಟು ಕಡಿದು,
ಟ್ರ್ಯಾಕ್ಟರು ಕೆಳಗೇ ನಿಂತು ನೋಡುತ್ತದೆ.
ಎದೆಯುದ್ದ ಒಣಗಿದ ದಂಟು,
ಕತ್ತಿ ಒಂದು, ಕೈ ಎರಡು.
ಸುಡಬಾರದೆಂಬ ಹುಕುಂ ಓದಿದ ಧ್ವನಿವರ್ಧಕ
ಸಂಜೆ ಆರಕ್ಕೆ ಊಟಕ್ಕೆ ಹೋಗುತ್ತದೆ.

ಬೆಳಿಗ್ಗೆ ಕೆಂಪು ಏರಿಸಿದ ದಿನವೇ ರಾತ್ರಿ
ಲೈಟರು ಹಿಡಿದು ಹತ್ತಿದೆ.
ಅಂಚಿಗೆ ನೀರು ಚಿಮುಕಿಸಿ, ಎಲೆ ಗುಡಿಸಿ,
ಅಮ್ಮ ಕಲಿಸಿದಂತೆ ಮೇಲಿನಿಂದ ಕೆಳಕ್ಕೆ ಹಚ್ಚಿದೆ.
ಚೆಂದವಿತ್ತು. ಸುಳ್ಳು ಹೇಳಲಾರೆ.
ಸಾಲುಸಾಲಾಗಿ ಇಳಿಯುವ ಬೆಳಕು,
ಒಳಗೆ ಪಟಪಟ ಸಿಡಿಯುವ ಗೆಣ್ಣು.
ನನ್ನಂತೆ ಎದುರು ಗುಡ್ಡದಲ್ಲೂ ಯಾರೋ ನಿಂತಿದ್ದರು,
ಅವರ ಬೆಂಕಿ ಕಂಡಿತು, ನನ್ನದು ಅವರಿಗೆ.
ನಾವು ಕೂಗಿ ಮಾತಾಡಲಿಲ್ಲ.

ಮರುದಿನವೂ ಆರೂವರೆಗೆ ಬೀಗ.
ಕೂದಲಲ್ಲಿ ವಾಸನೆ ಇತ್ತು,
ಊರಿಗೆ ಊರೇ ಅದೇ ವಾಸನೆ ಇದ್ದುದರಿಂದ
ಯಾರಿಗೂ ಗೊತ್ತಾಗಲಿಲ್ಲ.

ಏಪ್ರಿಲ್ ಕೊನೆಗೆ ಆಲಿಕಲ್ಲಿನೊಂದಿಗೆ ಬಂತು.
ತಗಡಿನ ಮಾಡಿನಿಂದ ಮೊದಲ ಕೊಡ ಕಾಡಿಗೆಯಷ್ಟು ಕಪ್ಪು,
ಚೆಲ್ಲಿದೆವು. ಎರಡನೆಯದು ಚಹಾದ ಬಣ್ಣ.
ಮೂರನೆಯದಕ್ಕೆ ಮೋಕ್ ಬಾಯೊಡ್ಡಿ ನಿಂತ.

ಸುಟ್ಟ ನೆಲದಲ್ಲಿ ಅಣಬೆ ಎದ್ದಿತು,
ಗೋಲಿಯಷ್ಟು, ಕಡಿದರೆ ಹಲ್ಲಿನಡಿ ಟಪ್ಪೆನ್ನುವಂಥದು.
ಮಣ್ಣು ಕೆದಕಿ ಬುಟ್ಟಿ ತುಂಬಿದೆ.

ಇವತ್ತು ಗುಡ್ಡ ಇದ್ದಲ್ಲೇ ಇದೆ,
ಎಲ್ಲೂ ಹೋಗಿಯೇ ಇಲ್ಲವೆಂಬ ಮುಖ ಮಾಡಿಕೊಂಡು.
ಡಬ್ಬಿ ಇನ್ನೂ ಹಳದಿ ಎನ್ನುತ್ತಿತ್ತು,
ನಾನು ನೀಲಿ ಕಟ್ಟಿದೆ.
ಮೇಷ್ಟರು ಬಾವುಟ ನೋಡಿದರು, ನನ್ನನ್ನು ನೋಡಿದರು,
ಬಾಯಿ ತೆರೆದರು,
ಸುಮ್ಮನಾದರು.
ನಿನ್ನೆ ನನ್ನ ಬುಟ್ಟಿಯಿಂದಲೇ
ಅರ್ಧ ಕಿಲೋ ಕೊಂಡಿದ್ದರು.