ನಾಳೆ ಒಂಬತ್ತೂವರೆಗೆ, ಬೆಂದೂರ್‌ವೆಲ್

ಹಾಳುಬಿದ್ದ ಹಂಚಿನ ಕಾರ್ಖಾನೆಯ ಒಣಗುಕೋಣೆಯಲ್ಲಿ
ಸೀಮೆಸುಣ್ಣದಿಂದ ಐದು ವೃತ್ತ ಬರೆದೆ.
ಒಂದೊಂದರಲ್ಲಿ ಒಬ್ಬೊಬ್ಬರು. ಹೊರಗೆ ಕಾಲಿಡಬಾರದು.
ಮೈಕು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ ಮಾಮ್,
ಅದರೆದುರು ನೀವೇ ನಿಲ್ಲಬೇಕು, ದೇವರೆದುರು ನಿಂತ ಹಾಗೆ.

ದೇವರೆದುರು ನಾವು ಎಂದು ನಿಂತದ್ದು ಬಾಯೇ,
ಎಂದರು ಪಾಸ್ಕಲ್ ಮಾಮ್, ಟ್ರಂಪೆಟ್ಟಿನ ಉಗುಳು ನೆಲಕ್ಕೆ ಕೊಡವುತ್ತ,
ಇಗರ್ಜಿಯ ಬಾಗಿಲವರೆಗೆ ನಮ್ಮ ಕೆಲಸ.
ಒಳಗಿನದ್ದು ಆರ್ಗನ್ನಿನವರದ್ದು.

ಪಟ್ಟಿ ಓದಿದೆ.
ಬೆಳಿಗ್ಗೆ ಗಂಜಿ ಉಣ್ಣಿ, ಬನ್ಸ್ ಬೇಡ,
ತುಟಿಯಲ್ಲಿ ಎಣ್ಣೆ ಕೂತರೆ ಮೇಲಿನ ಸ್ವರ ಜಾರುತ್ತದೆ.
ಕೀಲಿಗೊಂಚಲು, ಜಪಸರ, ಚಿಲ್ಲರೆ, ಎಲ್ಲ ನನ್ನ ಚೀಲಕ್ಕೆ.
ಹತ್ತಿಯ ಅಂಗಿ ಹಾಕಿ, ಪಾಲಿಯೆಸ್ಟರ್ ಸರಬರ ಎನ್ನುತ್ತದೆ.
ಸಮವಸ್ತ್ರ? ಜರಿಪಟ್ಟಿಯದ್ದು?
ಬೇಡ. ಯಾರೂ ನೋಡುವುದಿಲ್ಲ.
ಇದಾದ ಮೇಲೆ ಯೂಫೋನಿಯಮ್ಮಿನ ರೈಮುಂಡ್
ತುಂಬ ಹೊತ್ತು ಮಾತಾಡಲಿಲ್ಲ.
ಫ್ಯಾನು ಇರುವುದಿಲ್ಲ. ಬೆವರಿದರೆ ಬೆವರಲಿ, ಮೂಗೆಳೆಯಬೇಡಿ.
ಕೊನೆಯ ಸ್ವರ ಆರಿದ ಮೇಲೆ ಐದು ಎಣಿಸುವ ತನಕ
ಹೇಗಾಯ್ತು ಎಂದು ಕೇಳಬೇಡಿ.
ಗಂಟೆಗೆ ಎಂಟುನೂರು. ಮೂರು ಗಂಟೆ. ನಾಲ್ಕು ಟ್ಯೂನು.
ಇದು ಮಾತ್ರ ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು.

ಆಮೇಲೆ ಹೆಡ್‌ಫೋನ್ ತೆಗೆದೆ.
ಮೊದಲು ವಾಮನ ಸೇರಿಗಾರರ ಕಿವಿಗೆ.
ಟಿಕ್ ಟಿಕ್ ಟಿಕ್ ಟಿಕ್.
ಯಾರದ್ದಿದು?
ಯಾರದ್ದೂ ಅಲ್ಲ, ಕ್ಲಿಕ್. ನಾಳೆ ಇದರ ಮೇಲೆಯೇ ನಡೆಯಬೇಕು.
ಕ್ಲಾರಿನೆಟ್ಟನ್ನು ಮಗುವಿನ ಹಾಗೆ ಬಗಲಲ್ಲಿಟ್ಟು
ಅರ್ಧ ನಿಮಿಷ ಕೇಳಿ, ಕಳಚಿ ಕೊಟ್ಟರು:
ಇದು ಸಪಾಟು ರಸ್ತೆ ಮಾರಾಯ್ತಿ.
ಕುಲಶೇಖರದಲ್ಲಿ ಎಲ್ಲುಂಟು ಇಂಥದ್ದು?

ಹದಿನೇಳು ಸಲ ನುಡಿಸಿದರು.
ಹದಿನೇಳು ಸಲವೂ ಎರಡನೇ ಸಾಲಿಗೆ ಏದುಸಿರು,
ಅಲ್ಲಿ ಇಗರ್ಜಿಯ ಗೇಟು ದಾಟಿ ಏರು.
ಮೂರನೆಯದಕ್ಕೆ ಓಟ, ಅಲ್ಲಿಂದ ಹಾಲ್‌ವರೆಗೂ ಇಳಿಜಾರು.
ನಡುವೆ ಒಂದು ಕಡೆ ದೊಡ್ಡ ಡ್ರಮ್ಮು ಪೆಟ್ಟು ನುಂಗುತ್ತದೆ.
ಗುರುವಪ್ಪಣ್ಣ, ಅಲ್ಲೇನಾಗುತ್ತದೆ?
ಅಲ್ಲಿ ಚರಂಡಿ. ದಾಟಬೇಕಲ್ಲ.
ಚರಂಡಿಗೆ ಚಪ್ಪಡಿ ಹಾಕಿ ಹತ್ತು ವರ್ಷವಾಯಿತು!
ಹೌದು, ಎಂದರು, ಕಾಲಿಗೆ ಗೊತ್ತಿಲ್ಲ.

ಕ್ಲಿಕ್ಕಿನ ಜೊತೆ ಸರಿಯಾಗಿ ಇದ್ದವನು
ಸ್ನೇರಿನ ಹುಡುಗ ಜೋಯ್‌ಸ್ಟನ್ ಒಬ್ಬನೇ.
ಅವನೊಬ್ಬನೇ ತಪ್ಪಿದ ಹಾಗೆ ಕೇಳುತ್ತಿತ್ತು.

ಕತ್ತಲಾಗುವಾಗ ನೋಡಿದರೆ ಐವರೂ ಬಾಗಿಲ ಹತ್ತಿರ ಇದ್ದಾರೆ.
ಯಾವಾಗ ಬಂದರೋ ಅವರಿಗೇ ತಿಳಿಯದು.
ಹಿಂದೆ ವೃತ್ತಗಳು, ಉಂಡು ತೊಳೆದಿಟ್ಟ ಬಟ್ಟಲುಗಳು.

ಒಂದು ಹೇಳು, ಎಂದರು ಮಾಮ್,
ಮದುಮಗಳು ಯಾರು? ಹೀಲ್ಸಾ, ಚಪ್ಪಟೆಯಾ?
ಅಳುವವಳಾ? ಅಳುವವಳಾದರೆ ನಾವು ನಿಧಾನ.
ಯಾರೂ ಇಲ್ಲ ಮಾಮ್. ಗೋಡೆಗೆ ಕಂಬಳಿ ಹೊದಿಸಿದ ಕೋಣೆ.
ಟ್ರಂಪೆಟ್ಟು ಬಾಯಿಗೆ ಹೋಗದೆ ಎದೆಯ ಮಟ್ಟದಲ್ಲೇ ನಿಂತಿತು.

ನನ್ನ ಮದುವೆಗೆ ಬ್ಯಾಂಡ್ ಇರಲಿಲ್ಲ.
ರಿಜಿಸ್ಟ್ರಾರರ ಕಚೇರಿಯಲ್ಲಿ
ನಾಲ್ಕು ಸಹಿ, ಒಂದು ಸ್ಟೇಪ್ಲರ್,
ಅದೂ ಎರಡನೇ ಸಲಕ್ಕೆ ಕಚ್ಚಿದ್ದು.
ಇವರಿಗೆ ಅದನ್ನೆಲ್ಲ ಹೇಳಲಿಲ್ಲ.
ಚಪ್ಪಲಿ ಬಿಟ್ಟು, ಅವರಿಗೆ ಬೆನ್ನು ಮಾಡಿ,
ಹಂಚಿನ ಚೂರುಗಳ ನಡುವೆ ಕಾಲಿಗೆ ಜಾಗ ನೋಡಿಕೊಂಡು
ಹೊರಟೆ.
ನಾಲ್ಕನೇ ಹೆಜ್ಜೆಗೆ ಹಿಂದಿನಿಂದ ಡ್ರಮ್ಮು ಬಂತು.

ಈಗ ಬೆಂದೂರ್‌ವೆಲ್. ಒಂಬತ್ತೂ ನಲವತ್ತು.
ಕ್ಲಿಕ್ ಎಷ್ಟಕ್ಕೆ ಇಡಲಿ ಎಂದು ಗಾಜಿನಾಚೆಯ ಹುಡುಗ ಕೇಳುತ್ತಾನೆ.
ಬೇಡ, ಎಂದೆ.
ಕೋಣೆ ಒಂಬತ್ತು ಹೆಜ್ಜೆ ಉದ್ದ, ಹೋಗಿ ಬಂದರೆ ಹದಿನೆಂಟು.
ರೈಮುಂಡ್ ಜರಿಪಟ್ಟಿಯಲ್ಲೇ ಬಂದಿದ್ದಾನೆ.
ಮಾಮ್ ಬನ್ಸ್ ತಿಂದಿದ್ದಾರೆ, ವಾಸನೆಗೇ ಗೊತ್ತು.
ಕೆಂಪು ದೀಪ.
ನಾನು ಬರಿಗಾಲಲ್ಲಿ, ಏರಿನ ಬುಡದಲ್ಲಿ.