ಎರಡನೇ ಲೋಟ

ಸೊಹಾರಿನ ಮಾಲಿನಲ್ಲಿ ಶುಕ್ರವಾರ ಎರಡೂವರೆಗೆ
ಒಂದೇ ಒಂದು ಆಟ. ತಲೆಗೆ ಮೂರು ರಿಯಾಲ್.
ಚೀಟಿ ಬರೆದು ದುಡ್ಡು ಒಟ್ಟುಮಾಡಿದವನು ನಾನು,
ಬಂದರಿನ ಉಗ್ರಾಣದ ಲೆಕ್ಕದವನು.
ಮೂವತ್ತೊಂದು ಜನ, ಒಂದು ಬಾಡಿಗೆ ಬಸ್ಸು,
ಇಸ್ತ್ರಿ ಹಾಕಿದ ಅಂಗಿಗಳ ವಾಸನೆ.

ಕೊನೆಯ ದೃಶ್ಯ ಇಷ್ಟೇ:
ಹೆಂಗಸೊಬ್ಬಳು ಎರಡು ಲೋಟಕ್ಕೆ ಚಾ ಬಗ್ಗಿಸುತ್ತಾಳೆ.
ಒಂದು ತನ್ನ ಮುಂದೆ.
ಇನ್ನೊಂದನ್ನು ಮೇಜಿನ ಆ ತುದಿಗೆ ಸರಿಸುತ್ತಾಳೆ.
ಸರಿಸಿದ ಬೆರಳು ಲೋಟದ ಮೇಲಿರುವಾಗಲೇ
ಪರದೆ ಕಪ್ಪು.
ಆಮೇಲೆ ಹೆಸರುಗಳು, ದೀಪ ಹೊತ್ತ ಹುಡುಗರವರೆಗೆ.
ಕತೆಯಲ್ಲಿ ಗಂಡ ಸಮುದ್ರಕ್ಕೆ ಹೋಗಿ
ಹದಿನಾಲ್ಕು ತಿಂಗಳಾಗಿತ್ತು.

ನಾವು ಏಳಲಿಲ್ಲ.
ಪೊರಕೆ ಹಿಡಿದ ಹುಡುಗ ಎರಡು ಸಲ ಇಣುಕಿ ಹೋದ.
"ಕತ್ತರಿಸಿದ್ದಾರೆ ಮಾರಾಯ, ಇಲ್ಲಿಯವರು ಕತ್ತರಿಸಿದ್ದಾರೆ,"
ಎಂದು ವೆಲ್ಡರ್ ಮೊಯ್ದಿನಬ್ಬ ಕೂತಲ್ಲಿಂದಲೇ
ಉಪ್ಪಿನಂಗಡಿಗೆ ಫೋನು ಹಚ್ಚಿದ.
ತಮ್ಮ ಅಲ್ಲಿ ನೋಡಿದ್ದ:
ಅಲ್ಲೂ ಬೆರಳು, ಅಲ್ಲೂ ಲೋಟ, ಅಲ್ಲೂ ಕತ್ತಲೆ.
ಹಾಗಾದರೆ ಕತ್ತರಿ ಡೈರೆಕ್ಟರದ್ದೇ.

ಬಸ್ಸು ಫಲಜ್ ವೃತ್ತ ಮುಟ್ಟುವ ಮೊದಲೇ ಜಗಳ.
ನರ್ಸ್ ಐರಿನ್ ಮಥಾಯಸ್ ಅಂದಳು,
"ತೀರಿಹೋದವರಿಗೆ ಇಡುವುದೇ ಹಾಗೆ.
ವಾರ್ಡಿನಲ್ಲಿ ಖಾಲಿಯಾದ ಹಾಸಿಗೆಗೂ
ಒಂದೆರಡು ಹೊತ್ತು ಊಟದ ತಟ್ಟೆ ಬರುತ್ತಲೇ ಇರುತ್ತದೆ.
ಪಟ್ಟಿಯಿಂದ ಹೆಸರು ಹೊಡೆಯಲು
ಯಾರಿಗೂ ಕೈ ಬಂದಿರುವುದಿಲ್ಲ."

"ಏ, ಬಂದಾನ್ರೀ ಅಂವ!" ಕ್ರೇನಿನ ಶರಣಗೌಡ
ಎರಡು ಸೀಟಿನಾಚೆಯಿಂದ ಎದ್ದು ನಿಂತ.
"ಚಾದಾಗಿಂದ ಹಬಿ ಏಳತಿತ್ತು, ನೋಡಿಲ್ಲೇನು?
ಸತ್ತವರಿಗೆ ಯಾರರೆ ಬಿಸಿ ಚಾ ಕೊಡ್ತಾರೇನು?"
"ಆರಿದ್ದು ಕೊಡುತ್ತಾರಾ?"
ಕಿಟಕಿಯತ್ತ ತಿರುಗಿ ಕೇಳಿದಳು ಐರಿನ್.

ಹಬೆ ಎದ್ದಿತ್ತೋ ಇಲ್ಲವೋ. ಬಸ್ಸು ಇಬ್ಭಾಗವಾಯಿತು.
ಕಣ್ಣಾರೆ ಕಂಡವರಿಗೇ ಕಂಡದ್ದರ ಮೇಲೆ ನಂಬಿಕೆಯಿಲ್ಲ.
ಯಾರೋ "ಅದು ಅತ್ತೆಗಿಟ್ಟ ಚಾ" ಅಂದರು. ನಗು.
ನಕ್ಕು ಮುಗಿಸಿ ವಾಮನ ಶೇರಿಗಾರ
ಯಾರಿಗೂ ಅಲ್ಲವೆಂಬಂತೆ ಹೇಳಿದ:
"ಎರಡೂ ಅವಳೇ ಕುಡಿಯುತ್ತಾಳೆ.
ಮೊದಲು ತನ್ನದು, ಆಮೇಲೆ ನನ್ನದು.
ವಿಡಿಯೋದಲ್ಲಿ ನೋಡಿದ್ದೇನೆ."
ಸ್ವಲ್ಪ ಹೊತ್ತು ಎಸಿಯ ಸದ್ದು ಮಾತ್ರ.

ನನಗೆ ಕಂಡದ್ದು ಲೋಟವಲ್ಲ, ಬೆರಳು:
ಮುಂದಕ್ಕೆ ತಳ್ಳುತ್ತಿತ್ತೋ
ಮನಸ್ಸು ಬದಲಾಗಿ ಹಿಂದಕ್ಕೆಳೆಯುತ್ತಿತ್ತೋ.
ಹೇಳಲಿಲ್ಲ.
ಸ್ಟಾಕು ಪುಸ್ತಕದಲ್ಲಿ ಬಂದದ್ದು ಹೋದದ್ದು
ಎರಡೇ ಕಾಲಮ್ಮು.

ಆಗ ಎದ್ದ ದುರುಗಪ್ಪ.
ಕುಲುಮೆಯ ನೈಟ್ ಶಿಫ್ಟ್ ಮುಗಿಸಿ ನೇರ ಬಂದವನು
ಇಂಟರ್‌ವಲ್ಲಿನಿಂದ ನಿದ್ದೆ; ಬಸ್ಸಿಗೂ
ನಿದ್ದೆಗಣ್ಣಲ್ಲೇ ಹತ್ತಿದ್ದ.
"ಕೊನೀಗೆ ಏನಾತು?"

ಕೇಳಬಾರದಿತ್ತು. ಕರಕ್ ಅಂಗಡಿಯೆದುರು
ಕಾಗದದ ಕಪ್ಪು ಹಿಡಿದು ಒಬ್ಬೊಬ್ಬರೂ ಬಂದು
ತಮ್ಮ ಕೊನೆಯನ್ನು ಅವನ ಕಿವಿಗಿಟ್ಟರು.
ಒಬ್ಬ ಸತ್ತ, ಒಬ್ಬ ಬಂದ, ಒಬ್ಬ ಬರಲಾರ.
ದುರುಗಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ,
ಎಲ್ಲರತ್ತ ಒಂದೇ ಸಮ ಕತ್ತು ಹಾಕಿದ.
ಸಾಲದ ಟಿಕೆಟ್ಟಿಗೆ ಐದಾರು ಸಿನಿಮಾ.

ರಾತ್ರಿ ಕ್ಯಾಂಪಿನ ವಾಟರ್ ಕೂಲರಿನ ಬಳಿ
ನಾನು ಬಾಟಲಿ ತುಂಬುತ್ತಿದ್ದೆ.
ಗೋಡೆಗೊರಗಿ ಕೂತು ಅವನು ಹೆಂಡತಿಗೆ
ಇಡೀ ಕತೆ ಹೇಳುತ್ತಿದ್ದ,
ನಿದ್ದೆ ಹೋದ ಭಾಗವನ್ನೂ ಬಿಡದೆ.
"ಕೊನೀಗೆ ಆಕಿ ಬಾಗಿಲಾ ತೆಗದ್ಲು."

ಆ ದೃಶ್ಯದಲ್ಲಿ ಬಾಗಿಲೇ ಇರಲಿಲ್ಲ.
ಮೇಜು, ಲೋಟ, ಮೊಳೆಗೆ ತೂಗುಬಿದ್ದ ಚಾ ಸೋಸಣಿಗೆ, ಅಷ್ಟೇ.
ಬಾಟಲಿ ತುಂಬಿ ನೀರು ನನ್ನ ಮಣಿಕಟ್ಟಿಗಿಳಿಯಿತು.
ಆ ಕಡೆಯಿಂದ ಏನೋ ಕೇಳಿರಬೇಕು.
"ಹ್ಞೂಂ, ತೆಗದ್ಲು," ಅಂದ ಮತ್ತೆ. ತಡೆದು,
"ಹೊರಗ ಯಾರ ನಿಂತಿದ್ರು, ನೀನ ಹೇಳು."

ಉತ್ತರ ಅವನ ಕಿವಿಗೆ ಮಾತ್ರ.
ಮೂವತ್ತು ಜನರ ಲೆಕ್ಕ ಚುಕ್ತಾ ಆಗಿದೆ.
ದುರುಗಪ್ಪನ ಮೂರು ರಿಯಾಲ್ ಇನ್ನೂ ಬಾಕಿ.
ಕೇಳಿಲ್ಲ.